ಹನ್ನೆರಡು ವರಹದ ಕೈ

“ಅಜ್ಜಾರ, ಕೆಲಸ ಒಂದೇ. ಒಂದೂರಾಗ ಒಂದು ಸಂಬಳ, ಇನ್ನೊಂದೂರಾಗ ಅದರ ಎರಡರಷ್ಟು. ಇದು ಅಕ್ಕಿ ರೇಟಿನ ಲೆಕ್ಕನೋ, ಮನುಷ್ಯಾನ ಬೆಲಿ ಲೆಕ್ಕನೋ?”

ಹೀಗೆ ಕೇಳಿದವನು ನಿಂಗರಾಜ. ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಗಳನ್ನು ದುರಸ್ತಿ ಮಾಡುವ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಜಿಲ್ಲೆಯ ಏಳು ಯಂತ್ರಗಳು ಅವನ ಪಾಲಿಗೆ. ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತ ಗೆಳೆಯನೊಬ್ಬ ಅದೇ ಕಂಪನಿಯಲ್ಲಿ ಅದೇ ಕೆಲಸವನ್ನು ಮಹಾನಗರದಲ್ಲಿ ಮಾಡುತ್ತಿದ್ದ. ಗೆಳೆಯನ ಸಂಬಳ ತನ್ನದರ ಎರಡರಷ್ಟು ಎಂಬುದು ಹೋದ ತಿಂಗಳು ನಿಂಗರಾಜನ ಕಿವಿಗೆ ಬಿತ್ತು. ಅಂದಿನಿಂದ ಅವನು ಗೆಳೆಯನ ಫೋನು ಎತ್ತುವುದನ್ನು ಬಿಟ್ಟಿದ್ದ. ಅವನು ಮೇಲಿನವರಿಗೆ ಬೆಣ್ಣೆ ಹಚ್ಚಿರಬೇಕು, ತನ್ನ ಬಗ್ಗೆ ಇಲ್ಲದ್ದು ಹೇಳಿರಬೇಕು ಎಂಬ ಗುಮಾನಿ. ಗೆಳೆಯನ ಕೈಯಲ್ಲಿರುವ ಯಂತ್ರಗಳೂ ತನ್ನ ಯಂತ್ರಗಳಷ್ಟೇ ಸಲ ಕೆಡುತ್ತವೆ ಎಂಬುದಕ್ಕೆ ಪುರಾವೆ ಕೂಡಿಸಿದ್ದ. ಅದನ್ನು ಕಂಪನಿಯವರ ಮುಂದಿಡುವ ಮೊದಲು ಮಠಕ್ಕೆ ಬಂದು ಗುರುಗಳನ್ನು ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಘಟ್ಟದ ಮೇಲೆ ಒಂದು ಪೇಟೆ, ಘಟ್ಟದ ಕೆಳಗೆ ಒಂದು ಬಂದರು. ಒಬ್ಬ ಸಾಹುಕಾರನಿಗೆ ಎರಡೂ ಕಡೆ ತಕ್ಕಡಿ ಮಾರುವ ಅಂಗಡಿಗಳಿದ್ದವು. ಅಕ್ಕಸಾಲಿಗರು ಬಂಗಾರ ತೂಗುವ ಸಣ್ಣ ತಕ್ಕಡಿಗಳು ಅವು. ಅಂಥ ತಕ್ಕಡಿ ಮಾಡಲು ಕಣ್ಣು ಬೇಕು, ಕೈ ಬೇಕು, ಎರಡಕ್ಕಿಂತ ಹೆಚ್ಚಾಗಿ ಆತುರವಿಲ್ಲದ ಮನಸ್ಸು ಬೇಕು. ಪೇಟೆಯ ಅಂಗಡಿಗೆ ಮಾನಪ್ಪನೆಂಬ ಆಚಾರಿ ತಕ್ಕಡಿ ಮಾಡಿಕೊಡುತ್ತಿದ್ದ. ಬಂದರಿನ ಅಂಗಡಿಗೆ ಸುಬ್ರಾಯನೆಂಬ ಆಚಾರಿ. ತಟ್ಟೆಗಳು ನೇತಾಡುವ ಅಡ್ಡಕೋಲಾದ ದಂಡಿಗೆಯ ಮೇಲೆ ಒಬ್ಬೊಬ್ಬನೂ ತನ್ನ ಗುರುತಿನ ಮುದ್ರೆ ಹೊಡೆಯುತ್ತಿದ್ದ, ಮಾನಪ್ಪನದು ಎಲೆ, ಸುಬ್ರಾಯನದು ಮೀನು.

ಮಾಡಿ ಮುಗಿಸಿದ ತಕ್ಕಡಿಯನ್ನು ಮಾನಪ್ಪ ಹಾಗೇ ಅಂಗಡಿಗೆ ಕಳಿಸುತ್ತಿರಲಿಲ್ಲ. ಒಂದು ತಟ್ಟೆಯಲ್ಲಿ ತೂಕದ ಕಲ್ಲು ಇಡುತ್ತಿದ್ದ. ಇನ್ನೊಂದರಲ್ಲಿ ಮರಳು ಸುರಿದು ಮುಳ್ಳನ್ನು ನೆಟ್ಟಗೆ ನಿಲ್ಲಿಸುತ್ತಿದ್ದ. ಆಮೇಲೆ ಕಲ್ಲನ್ನು ಮರಳಿನ ಜಾಗಕ್ಕೆ, ಮರಳನ್ನು ಕಲ್ಲಿನ ಜಾಗಕ್ಕೆ ಅದಲು ಬದಲು ಮಾಡುತ್ತಿದ್ದ. ಆಗಲೂ ಮುಳ್ಳು ಅಲುಗದಿದ್ದರೆ ತಕ್ಕಡಿ ಸಾಚಾ. ಅಲುಗಿದರೆ ದಂಡಿಗೆಯ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ತಕ್ಕಡಿ ಸುಳ್ಳು ಹೇಳುತ್ತಿದೆ ಎಂದು ಅರ್ಥ. ಆಗ ತಟ್ಟೆ ನೇತಾಡುವ ಕಚ್ಚನ್ನು ಅರದಿಂದ ಕೂದಲೆಳೆಯಷ್ಟು ತಿಕ್ಕಬೇಕು. ಒಂದು ಎಳೆ ಹೆಚ್ಚು ತಿಕ್ಕಿದರೆ ದಂಡಿಗೆ ಹಾಳು. ತಿಕ್ಕಿದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ. ಹನ್ನೊಂದು ವರ್ಷದಲ್ಲಿ ಮಾನಪ್ಪ ಒಂದೇ ಒಂದು ದಂಡಿಗೆಯನ್ನೂ ಹಾಳು ಮಾಡಿರಲಿಲ್ಲ.

ಸಾಹುಕಾರನ ಮನೆ ಪೇಟೆಯಲ್ಲಿತ್ತು. ಆ ಮನೆಯಲ್ಲಿ ಒಂದು ಪದ್ಧತಿ. ಆಯುಧ ಪೂಜೆಯ ದಿನ ಎರಡೂ ಅಂಗಡಿಯ ಆಚಾರಿಗಳು ತಮ್ಮ ಅರ, ಚಾಣ, ಸುತ್ತಿಗೆಗಳನ್ನು ತಂದು ಒಂದೇ ಹರಿವಾಣದಲ್ಲಿ ಇಡಬೇಕು. ಒಂದೇ ಕುಂಕುಮ, ಒಂದೇ ಆರತಿ. ಊಟಕ್ಕೂ ಅಕ್ಕಪಕ್ಕದ ಎಲೆ. ಹೀಗಾಗಿ ವರ್ಷಕ್ಕೊಮ್ಮೆ ಇಬ್ಬರೂ ಭೇಟಿಯಾಗುತ್ತಿದ್ದರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಮೆಚ್ಚುಗೆ. ಸುಬ್ರಾಯ ಮಾತಿನವನು, ಮಾನಪ್ಪ ಕೇಳುವವನು. ಸ್ನೇಹ ಸಲೀಸಾಗಿ ಬೆಳೆದಿತ್ತು.

ಅಂಥ ಒಂದು ಹಬ್ಬದ ಊಟದಲ್ಲಿ ಸುಬ್ರಾಯ ಬಂದರಿನ ಬದುಕಿನ ಪಾಡು ಹೇಳಿಕೊಂಡ. ಮನೆ ಬಾಡಿಗೆ ಮೈ ಸುಡುತ್ತದೆ, ಕುಡಿಯುವ ನೀರನ್ನೂ ಕೊಳ್ಳಬೇಕು, ತಾಯಿಗೆ ಉಬ್ಬಸ, ಔಷಧಿಗೆ ಸುರಿದು ಸುರಿದು ಸಾಕಾಯಿತು. “ಇಪ್ಪತ್ನಾಲ್ಕು ವರಹ ಎಲ್ಲಿ ಸಾಲ್ತದೆ ಮಾರಾಯ?” ಎಂದ.

ಮಾನಪ್ಪನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. ಅವನ ಸಂಬಳ ತಿಂಗಳಿಗೆ ಹನ್ನೆರಡು ವರಹ. ಹನ್ನೊಂದು ವರ್ಷದಿಂದ ಅದನ್ನು ಅವನು ಒಳ್ಳೆಯ ಸಂಬಳವೆಂದೇ ತಿಳಿದಿದ್ದ. ಹೌದು, ಸಾಲುವುದಿಲ್ಲ ಎಂದು ತಲೆಯಾಡಿಸಿ, ಉಳಿದ ಅನ್ನವನ್ನು ಹೇಗೋ ನುಂಗಿ ಎದ್ದ. ಅಂದು ಅವನ ಹೊಟ್ಟೆ ಸೇರಿದ್ದು ಊಟಕ್ಕಿಂತ ಹೆಚ್ಚಾಗಿ ಆ ಅಂಕಿ.

ಮನೆಗೆ ಬಂದು ಹೆಂಡತಿ ಈರವ್ವನಿಗೆ ಹೇಳಿದ. ಅವಳು ನ್ಯಾಯವಾಗಿಯೇ ಮಾತಾಡಿದಳು. ಇಲ್ಲಿ ಅಕ್ಕಿ ಸೋವಿ, ಮನೆ ನಮ್ಮದು, ಬಾವಿ ನಮ್ಮದು. ಅವನಿಗೆ ಎರಡು ಪಟ್ಟು ಬರುತ್ತದೆ, ಎರಡು ಪಟ್ಟು ಹೋಗುತ್ತದೆ. ಉಳಿಯುವುದು ಇಬ್ಬರಿಗೂ ಅಷ್ಟೇ ಎಂದಳು. ಮಾತು ಸರಿ ಎನ್ನಿಸಿತು. ನಾಲ್ಕು ದಿನ ಮಾನಪ್ಪ ಹಗುರಾಗಿದ್ದ.

ಐದನೆಯ ದಿನ ಅನುಮಾನದ ಹುಳ ಮತ್ತೆ ಎದ್ದಿತು. ಲೆಕ್ಕ ಅಷ್ಟು ಸರಳವಾಗಿದ್ದರೆ ಸಾಹುಕಾರ ಇಷ್ಟು ವರ್ಷ ತನಗೇಕೆ ಹೇಳಲಿಲ್ಲ? ತಾನು ಮಾಡಿದ ತಕ್ಕಡಿಗಳಲ್ಲಿ ಅರ್ಧದಷ್ಟು ಬಂಡಿ ಹತ್ತಿ ಬಂದರಿಗೂ ಹೋಗುತ್ತಿದ್ದವು. ಅಲ್ಲಿ ಅವು ಬಂದರಿನ ಬೆಲೆಗೆ ಮಾರಾಟವಾಗುತ್ತಿದ್ದವು. ಅಕ್ಕಿ ಅಗ್ಗವೆಂದು ಕೂಲಿ ಅಗ್ಗವಾದರೆ, ತಕ್ಕಡಿ ಘಟ್ಟ ಇಳಿಯುತ್ತಲೇ ದುಬಾರಿಯಾಗುವುದು ಹೇಗೆ? ಅಥವಾ ವಿಷಯ ಬೇರೆಯೇ ಇರಬಹುದು. ಸುಬ್ರಾಯನ ಕೈ ನಿಜವಾಗಿಯೂ ಹೆಚ್ಚಿನದಿರಬಹುದು. ಸಾಹುಕಾರನಿಗೆ ಅದು ಗೊತ್ತು, ಹೆಂಡತಿಗೂ ಗೊತ್ತು, ತನ್ನ ಮನಸ್ಸು ನೋಯಬಾರದೆಂದು ಎಲ್ಲರೂ ಅಕ್ಕಿಯ ಮಾತು ಆಡುತ್ತಿರಬಹುದು. ಎಲ್ಲ ಬಿಟ್ಟು ಈ ಕೊನೆಯ ಅನುಮಾನವೇ ಅವನ ಮೈಗೆ ಅಂಟಿಕೊಂಡಿತು.

ಮುಗಿದ ತಕ್ಕಡಿಯನ್ನು ಅವನು ಎರಡು ಸಲ, ಮೂರು ಸಲ ಪರೀಕ್ಷಿಸತೊಡಗಿದ. ಮುಳ್ಳು ನೆಟ್ಟಗಿದ್ದರೂ ಕಣ್ಣನ್ನು ನಂಬಲಾಗಲಿಲ್ಲ. ಒಂದು ಬೆಳಿಗ್ಗೆ ಸರಿಯಾಗಿದ್ದ ದಂಡಿಗೆಯನ್ನೇ ಸರಿಯಿಲ್ಲವೆಂದುಕೊಂಡು ಅರ ಹಾಕಿದ. ಒಂದು ಎಳೆ ಹೋಯಿತು. ಇನ್ನೊಂದು ಕಡೆ ಸರಿದೂಗಿಸಲು ಅಲ್ಲಿಯೂ ತಿಕ್ಕಿದ. ಅದು ಹೆಚ್ಚಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ದಂಡಿಗೆ ಅವನ ಕೈಯಲ್ಲಿ ಸತ್ತಿತು. ಆ ತಿಂಗಳಲ್ಲೇ ಇನ್ನೊಂದು.

ಮಾನಪ್ಪ ಹೆದರಿದ. ಸಂಬಳ ಕಡಿಮೆಯೆಂಬ ನೋವಿಗಿಂತ ಈ ಹೆದರಿಕೆ ದೊಡ್ಡದಾಗಿತ್ತು. ಹೀಗೇ ನಡೆದರೆ ತಾನು ನಿಜಕ್ಕೂ ಹನ್ನೆರಡು ವರಹದ ಆಚಾರಿಯೇ ಆಗಿಬಿಡುತ್ತೇನೆ ಎಂದು ತಿಳಿಯಿತು. ತನ್ನ ಕೈ ಸುಬ್ರಾಯನ ಕೈಯ ಅರ್ಧವೋ, ಸಮವೋ, ಅದೊಂದು ಗೊತ್ತಾಗಬೇಕಿತ್ತು. ಗೊತ್ತಾಗದೆ ಅವನಿಗೆ ಕೆಲಸವೂ ಇಲ್ಲ, ಬದುಕೂ ಇಲ್ಲ.

ಸಾಹುಕಾರನ ಬಳಿ ಹೋದ. ಸಾಹುಕಾರ ನಯದ ಮನುಷ್ಯ. ಕೂರಿಸಿದ, ಎಲೆ ಅಡಿಕೆ ಕೊಟ್ಟ, ಮಾತನ್ನು ಪೂರ್ತಿ ಕೇಳಿದ. ಆಮೇಲೆ, ನಿನ್ನ ಕೈಯಲ್ಲಿ ಏನೂ ದೋಷವಿಲ್ಲ, ಬಂದರಿನ ಅಕ್ಕಿ ಬೆಲೆ ನೋಡಿ ಅವನಿಗೆ ಕೊಡುತ್ತೇನೆ, ಪೇಟೆಯ ಅಕ್ಕಿ ಬೆಲೆ ನೋಡಿ ನಿನಗೆ ಕೊಡುತ್ತೇನೆ ಎಂದ. ಬಂದರಿಗೆ ಹೋಗುವ ತಕ್ಕಡಿಯ ಬೆಲೆ ಕೇಳಿದರೆ ಬಂಡಿ ಬಾಡಿಗೆ, ಘಟ್ಟದ ಸುಂಕ ಎಂದ. ಯಾವ ಮಾತಿಗೂ ಅವನಲ್ಲಿ ಉತ್ತರ ಇತ್ತು. ಉತ್ತರಗಳೆಲ್ಲ ಮೊದಲೇ ಸಿದ್ಧವಾಗಿದ್ದಂತೆ ಮಾನಪ್ಪನಿಗೆ ಕಂಡವು. ಎಲೆ ಅಡಿಕೆ ಬಾಯಲ್ಲಿ ಕಹಿಯಾಯಿತು.

ಆಗ ಅವನು ತನಗೆ ಬರುತ್ತಿದ್ದ ಒಂದೇ ಉಪಾಯವನ್ನು ಮುಂದಿಟ್ಟ. ತಕ್ಕಡಿಯ ಮೇಲೆ ಅನುಮಾನ ಬಂದರೆ ಏನು ಮಾಡುತ್ತಿದ್ದನೋ ಅದನ್ನೇ.

“ಸಾವ್ಕಾರ್ರ, ನಮ್ಮಿಬ್ಬರ್ನ ಒಂದು ವರ್ಷ, ಬರೋ ಹಬ್ಬದ ತನಕ, ಅದಲು ಬದಲು ಮಾಡ್ರಿ. ನಾ ಬಂದರಕ್ಕ ಹೋಗ್ತೀನಿ. ಸುಬ್ರಾಯ ಇಲ್ಲಿಗೆ ಬರ್ಲಿ.”

ಸಾಹುಕಾರ ಕೂಡಲೇ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದೂ ಮಾನಪ್ಪನಿಗೆ ಸರಿಬರಲಿಲ್ಲ.

ಸುಬ್ರಾಯನೂ ಒಪ್ಪಿದ. ತಾಯಿಯ ಉಬ್ಬಸಕ್ಕೆ ಘಟ್ಟದ ಮೇಲಿನ ಒಣ ಹವೆ ಒಳ್ಳೆಯದೆಂದು ವೈದ್ಯರು ಹೇಳುತ್ತಲೇ ಇದ್ದರು. ಸಂಬಳ ಹನ್ನೆರಡಕ್ಕೆ ಇಳಿದರೂ ಸರಿ, ಅವಳು ಒಂದು ವರ್ಷ ನೆಮ್ಮದಿಯಾಗಿ ಉಸಿರಾಡಲಿ ಎಂದುಕೊಂಡ. ಮಾನಪ್ಪನ ಸ್ವಂತ ಮನೆಗೆ ಅವನು ತಾಯಿಯೊಂದಿಗೆ ಬಂದ. ಅವನ ಬಾಡಿಗೆ ಮನೆಗೆ ಮಾನಪ್ಪ, ಈರವ್ವ ಹೋದರು.

ಬಂದರಿನಲ್ಲಿ ಮೊದಲ ತಿಂಗಳು ಮುಗಿಯಿತು. ಅಂಗಡಿಯ ಗುಮಾಸ್ತ ಹನ್ನೆರಡು ವರಹ ಎಣಿಸಿ ಕೊಟ್ಟ. ಲೆಕ್ಕ ತಪ್ಪಿರಬೇಕೆಂದು ಮಾನಪ್ಪ ನಿಂತೇ ಇದ್ದ. ಗುಮಾಸ್ತ ತಲೆ ಎತ್ತಲಿಲ್ಲ. ಎರಡನೆಯ ತಿಂಗಳೂ ಹನ್ನೆರಡು. ಅಕ್ಕಿಗೆ ಎರಡು ಪಟ್ಟು, ಬಾಡಿಗೆಗೆ ನಾಲ್ಕು ವರಹ, ನೀರಿನ ಕೊಡಕ್ಕೆ ಬೇರೆ. ಅನ್ನ ಹೋಗಿ ಗಂಜಿ ಬಂತು. ಈರವ್ವ ತನಗೆ ಹಸಿವಿಲ್ಲ ಎನ್ನುವುದನ್ನು ಕಲಿತಳು. ತನ್ನ ಒಂದು ಅನುಮಾನಕ್ಕಾಗಿ ಅವಳು ಅರೆಹೊಟ್ಟೆ ಉಣ್ಣುತ್ತಿದ್ದಾಳೆ ಎಂಬುದು ಮಾನಪ್ಪನಿಗೆ ಗೊತ್ತಿತ್ತು. ನಾಚಿಕೆಯಾಗುತ್ತಿತ್ತು. ಆದರೂ ವಾಪಸು ಹೋಗೋಣ ಎನ್ನಲಿಲ್ಲ.

ಮೂರನೆಯ ತಿಂಗಳು ಸಾಹುಕಾರ ಬಂದರಿನ ಅಂಗಡಿಗೆ ಬಂದ. ಮಾನಪ್ಪ ಕೈಕಟ್ಟಿ ನಿಂತು, ಈಗ ತಾನು ಉಣ್ಣುವುದೂ ಬಂದರಿನ ಅಕ್ಕಿಯನ್ನೇ ಎಂದು ನೆನಪಿಸಿದ. ಸಾಹುಕಾರ ಬೇಸರಪಡಲಿಲ್ಲ. ಅಕ್ಕಿಯದು ಒಂದು ಲೆಕ್ಕ, ಹೆಸರಿನದು ಇನ್ನೊಂದು ಲೆಕ್ಕ ಎಂದ. ಬಂದರಿನ ಅಕ್ಕಸಾಲಿಗರು ದಂಡಿಗೆಯ ಮೇಲೆ ಸುಬ್ರಾಯನ ಮೀನಿನ ಮುದ್ರೆ ಇದೆಯೇ ಎಂದು ನೋಡಿಯೇ ಕೊಳ್ಳುತ್ತಾರೆ. ನಿನ್ನ ಎಲೆಯ ಮುದ್ರೆ ಕಂಡರೆ ಘಟ್ಟದ ಮೇಲಿನ ಮಾಲು ಎಂದು ಮೂಗು ಮುರಿದು ಚೌಕಾಶಿ ಮಾಡುತ್ತಾರೆ. ಜನ ಯಾವುದಕ್ಕೆ ಬೆಲೆ ಕೊಡುತ್ತಾರೋ ನಾನೂ ಅದಕ್ಕೇ ಕೊಡುತ್ತೇನೆ ಎಂದ. ಮಾತಿನಲ್ಲಿ ತೂತು ಹುಡುಕಲು ಹೋದರೆ ಸಿಗಲಿಲ್ಲ. ಅಲ್ಲಿ ಸುಬ್ರಾಯನಿಗೆ ಈಗ ಎಷ್ಟು ಕೊಡುತ್ತೀರಿ ಎಂದು ಮಾನಪ್ಪ ಕೇಳಿದ. ಅವನ ಸಂಬಳ ಅವನದು ಎಂದ ಸಾಹುಕಾರ.

ಹಾಗಾದರೆ ಇಪ್ಪತ್ನಾಲ್ಕೇ. ಕಲ್ಲು ಅತ್ತ ಹೋದರೂ ಇತ್ತ ಬಂದರೂ ಮುಳ್ಳು ಅವನ ಕಡೆಗೇ ವಾಲುತ್ತಿದೆ. ತನ್ನ ಮನೆಯಲ್ಲಿ ಬಾಡಿಗೆಯಿಲ್ಲದೆ ಕೂತು, ತನ್ನ ಬಾವಿಯ ನೀರು ಸೇದಿ, ಸೋವಿ ಅಕ್ಕಿ ಉಂಡು ಅವನು ಇಪ್ಪತ್ನಾಲ್ಕು ಎಣಿಸುತ್ತಿದ್ದಾನೆ. ಮಾನಪ್ಪನ ಗುಮಾನಿ ಅಂದಿನಿಂದ ಸಾಹುಕಾರನನ್ನು ಬಿಟ್ಟು ಸುಬ್ರಾಯನನ್ನು ಹಿಡಿಯಿತು. ಹಬ್ಬದ ಊಟದಲ್ಲಿ ಸಂಬಳದ ಮಾತು ಬಾಯಿತಪ್ಪಿ ಬಂದದ್ದೋ, ಬೇಕೆಂದೇ ಅಂದದ್ದೋ? ತಾಯಿಯ ಉಬ್ಬಸ ನಿಜವೋ, ನೆಪವೋ? ಸಾಹುಕಾರನ ಕಿವಿಯಲ್ಲಿ ಏನಾದರೂ ಊದಿ ಹೋಗಿದ್ದಾನೋ?

ಏಳನೆಯ ತಿಂಗಳು ಹಿತ್ತಾಳೆ ಕೊಳ್ಳಲೆಂದು ಸುಬ್ರಾಯ ಒಂದು ದಿನ ಬಂದರಿಗೆ ಇಳಿದ. ಬೆನ್ನ ಮೇಲೆ ಒಂದು ಮೂಟೆ. ಪೇಟೆಯ ಅಕ್ಕಿ, ಈರವ್ವನ ಹಿತ್ತಲಿನ ಬದನೆ, ಮೆಣಸಿನಕಾಯಿ. ಇದು ಪ್ರೀತಿಯ ಮೂಟೆಯೋ, ಪಾಪದ ಮೂಟೆಯೋ ಎಂದು ಮಾನಪ್ಪ ಅದನ್ನು ಮುಟ್ಟದೆ ನೋಡಿದ. ಊಟಕ್ಕೆ ಕೂತಾಗ ಬಟ್ಟಲಿಗೆ ಗಂಜಿ ಬಂತು. ಸುಬ್ರಾಯ ಯಾಕೆಂದು ಕೇಳಿದ. ಈರವ್ವ ಹನ್ನೆರಡರ ಮಾತು ಹೇಳಿದಳು.

ಸುಬ್ರಾಯ ಬಟ್ಟಲು ಕೆಳಗಿಟ್ಟ. ಊರು ಬದಲಾದ ಮೇಲೆ ಮಾನಪ್ಪನಿಗೂ ಇಪ್ಪತ್ನಾಲ್ಕು ಬರುತ್ತಿದೆ ಎಂದೇ ಅವನು ತಿಳಿದಿದ್ದ. ತನಗೆ ಹನ್ನೆರಡು ಮಾತ್ರ ಬರಬೇಕಿತ್ತಲ್ಲ, ಇಪ್ಪತ್ನಾಲ್ಕೇ ಬರುತ್ತಿದೆ ಎಂದಾಗ ಸಾಹುಕಾರನದು ದೊಡ್ಡ ಮನಸ್ಸು ಎಂದುಕೊಂಡಿದ್ದ. ಹೆಚ್ಚಿನದರಲ್ಲಿ ಅರ್ಧ ನೀನು ತೆಗೆದುಕೋ ಎಂದ. ಮಾನಪ್ಪ ಬೇಡವೆಂದ. ಅವನಿಗೆ ಬೇಕಿದ್ದದ್ದು ಬೇರೆ.

“ನಿನ್ನ ಮುದ್ರಿ ನನಗ ಕೊಡು. ನನ್ನದು ನೀ ತಗೊ. ಹಬ್ಬದ ತನಕ. ಯಾರ್ದು ಯಾವುದಂತ ಯಾರಿಗೂ ಹೇಳೂದು ಬ್ಯಾಡ.”

ಆಚಾರಿಗಳಲ್ಲಿ ಮುದ್ರೆ ಕೈಬದಲಾಗುವುದಿಲ್ಲ. ಸತ್ತವನ ಮುದ್ರೆಯನ್ನು ಮಗನೂ ಹೊಡೆಯುವುದಿಲ್ಲ. ಅಳಿಸಿ ಹೊಸದು ಮಾಡಿಸಿಕೊಳ್ಳುತ್ತಾನೆ. ಮುದ್ರೆ ಕೊಡುವುದೆಂದರೆ ಹುಟ್ಟಿದ ಹೆಸರು ಬಿಚ್ಚಿ ಕೊಟ್ಟ ಹಾಗೆ. “ಸಾಹುಕಾರ್ರಿಗೆ ಗೊತ್ತಾದ್ರೆ ಬಿಡುದಿಲ್ಲ ಮಾರಾಯ” ಎಂದ ಸುಬ್ರಾಯ. ಆಮೇಲೆ ಮಾನಪ್ಪನ ಮುಖ ನೋಡಿದ. ಆ ಮುಖ ಏಳು ತಿಂಗಳಲ್ಲಿ ಏನಾಗಿತ್ತೋ, ಅದನ್ನು ನೋಡಿಯೇ ಇರಬೇಕು, ಮೀನಿನ ಮುದ್ರೆಯನ್ನು ಸೊಂಟದ ಚೀಲದಿಂದ ತೆಗೆದು ಅವನ ಅಂಗೈಯಲ್ಲಿಟ್ಟ. ಇಷ್ಟು ಸುಲಭವಾಗಿ ಕೊಟ್ಟನಲ್ಲ, ಇದರಲ್ಲೂ ಏನೋ ಇದೆ ಎಂದು ಮಾನಪ್ಪನಿಗೆ ಅನ್ನಿಸದೆ ಇರಲಿಲ್ಲ.

ಮುಂದಿನ ಮೂರು ತಿಂಗಳು ಬಂದರಿನ ಅಂಗಡಿಯಲ್ಲಿ ಮಾನಪ್ಪ ಕಣ್ಣು ಕಿವಿ ತೆರೆದು ಕೂತ. ತಾನು ಮಾಡಿದ, ಮೀನಿನ ಮುದ್ರೆಯ ತಕ್ಕಡಿಗಳನ್ನು ಅಕ್ಕಸಾಲಿಗರು ಕೇಳಿದ ಬೆಲೆಗೆ ಕೊಂಡರು. ಪೇಟೆಯಿಂದ ಬಂಡಿಯಲ್ಲಿ ಬಂದ, ಸುಬ್ರಾಯ ಮಾಡಿದ, ಎಲೆಯ ಮುದ್ರೆಯವು ಮೂಲೆಯಲ್ಲಿ ಕೂತವು. ಒಬ್ಬ ಹಿರಿಯ ಅಕ್ಕಸಾಲಿ ಮಾನಪ್ಪನ ಎದುರಿಗೇ ಮಾನಪ್ಪನ ತಕ್ಕಡಿಯನ್ನು ಎತ್ತಿ ಹಿಡಿದು, ಸುಬ್ರಾಯನ ಕೈಯೆಂದರೆ ಕೈ, ಈ ಘಟ್ಟದವರಿಗೆ ಇನ್ನೂ ಹತ್ತು ವರ್ಷ ಬೇಕು ಎಂದ. ಮಾನಪ್ಪನಿಗೆ ಅಲ್ಲಿಯೇ ಎದ್ದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಖುಷಿಯೂ ಸಂಕಟವೂ ಒಟ್ಟಿಗೇ ಬಂದವು.

ಅಂದು ಮನೆಗೆ ಬಂದು ಹೊಸ ದಂಡಿಗೆಗೆ ಅರ ಹಾಕಿದ. ಎಷ್ಟೋ ತಿಂಗಳ ಮೇಲೆ ಮುಳ್ಳು ಮೊದಲ ಸಲಕ್ಕೇ ನಿಂತಿತು, ಅವನು ನಂಬಿದ. ಈರವ್ವ ಅಡುಗೆ ಮನೆಯಿಂದ ಇಣುಕಿ, ಗಂಡ ಗುನುಗುತ್ತಿದ್ದಾನೆ ಎಂಬುದನ್ನು ಗಮನಿಸಿದಳು.

ಆಯುಧ ಪೂಜೆ ಬಂತು. ಸಾಹುಕಾರನ ಮನೆಯ ಪಡಸಾಲೆಯಲ್ಲಿ ಪೇಟೆಯ ಹಿರಿಯರು, ಅಕ್ಕಸಾಲಿಗರು, ನೆಂಟರು ಸೇರಿದ್ದರು. ಅರ, ಚಾಣ, ಸುತ್ತಿಗೆಗಳು ಹರಿವಾಣ ಸೇರಿದವು. ಆರತಿಗೆ ಮೊದಲು ಮಾನಪ್ಪ ಎದ್ದು ನಿಂತ. ತನ್ನದೊಂದು, ಸುಬ್ರಾಯನದೊಂದು ತಕ್ಕಡಿಯನ್ನು ಮುಂದಿಟ್ಟು ಮುದ್ರೆ ಬದಲಿಸಿದ ಕತೆಯನ್ನು ಎಲ್ಲರೆದುರು ಹೇಳಿದ. ಒಂದು ಮಾತನ್ನೂ ಮುಚ್ಚಲಿಲ್ಲ. ಬೇಕಿದ್ದರೆ ನೀವೇ ತೂಗಿ ನೋಡಿ ಎಂದ. ಸುಬ್ರಾಯ ತಲೆ ತಗ್ಗಿಸಿ ಹೌದೆಂದ.

ಸಾಹುಕಾರ ಸಿಟ್ಟಾಗಲಿಲ್ಲ. ಕಲ್ಲು ತರಿಸಿದ, ಮರಳು ತರಿಸಿದ. ತಾನೇ ಕೂತು ಎರಡೂ ತಕ್ಕಡಿಗಳನ್ನು ಪರೀಕ್ಷಿಸಿದ. ಅದಲು ಬದಲು ಮಾಡಿ ಮತ್ತೆ ಪರೀಕ್ಷಿಸಿದ. ಎರಡರ ಮುಳ್ಳೂ ಅಲುಗಲಿಲ್ಲ.

ಸಾಹುಕಾರ ಕೈಮುಗಿದು ನಿಂತು, ತಪ್ಪು ತನ್ನದೇ ಎಂದ. ಇಬ್ಬರ ಕೈಯೂ ಒಂದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಾನಪ್ಪನ ಕಣ್ಣು ತುಂಬಿತು. ಇದೊಂದು ಮಾತಿಗಾಗಿ ಅವನು ಒಂದು ವರ್ಷ ಬೆಂದಿದ್ದ. ಹಿರಿಯರು ತಲೆದೂಗಿದರು. ಕೈ ಸಮ ಎಂದ ಮೇಲೆ ಸಂಬಳವೂ ಸಮ ಆಗಬೇಕಾದದ್ದು ಧರ್ಮ ಎಂದ ಸಾಹುಕಾರ. ಎಲ್ಲರೂ ಹೌದು ಹೌದು ಎಂದರು. ಬರುವ ತಿಂಗಳಿನಿಂದ ಇಬ್ಬರಿಗೂ ಹನ್ನೆರಡು ವರಹ ಎಂದ.

ಮಾನಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದು ಹೆಜ್ಜೆ ಮುಂದೆ ಬಂದ. ತಾನು ಕೇಳಿದ್ದು ಅದಲ್ಲ ಎಂದ. ಬಂದರಿನ ಅಕ್ಕಿ ದುಬಾರಿ, ಬಾಡಿಗೆ ದುಬಾರಿ, ನೀವೇ ಹೇಳಿದ್ದಿರಲ್ಲ ಎಂದ.

ಸಾಹುಕಾರ ಅವನ ಹೆಗಲ ಮೇಲೆ ಕೈಯಿಟ್ಟ. ದನಿಯಲ್ಲಿ ಒಂದಿಷ್ಟೂ ಒರಟಿರಲಿಲ್ಲ.

“ಹೇಳಿದ್ದೆ. ಖರೇನ ಅಂತ ತಿಳ್ಕೊಂಡಿದ್ದೆ. ಬಂದರದಾಗ ಹನ್ನೆರಡು ವರಹದಾಗ ವರ್ಷಪೂರ್ತಿ ಬದುಕಾಕ ಬರ್ತೈತಿ ಅಂತ ನೀನ ತೋರಿಸಿಕೊಟ್ಟೆಲ್ಲೋ ಮಾನಪ್ಪ.”

ಸುಬ್ರಾಯ ಮಾನಪ್ಪನ ಕಡೆ ನೋಡಿದ. ಆ ನೋಟದಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಮಾನಪ್ಪ ತಡೆದುಕೊಳ್ಳುತ್ತಿದ್ದ. ಆರತಿಗೆ ಕಾಯದೆ ಸುಬ್ರಾಯ ಹರಿವಾಣದಿಂದ ತನ್ನ ಅರ, ಚಾಣ, ಸುತ್ತಿಗೆಗಳನ್ನು ಆರಿಸಿಕೊಂಡ. ಎಲೆಯ ಮುದ್ರೆಯನ್ನು ಅಲ್ಲಿಯೇ ಇಟ್ಟ. ತನ್ನ ಮುದ್ರೆಯನ್ನು ವಾಪಸು ಕೇಳಲಿಲ್ಲ.

ಅದಲು ಬದಲಿನ ವರ್ಷ ಮುಗಿದಿತ್ತು. ಇಬ್ಬರೂ ತಮ್ಮ ತಮ್ಮ ಊರಿಗೆ ಮರಳಿದರು. ಒಂದು ವರ್ಷ ನೆಮ್ಮದಿಯಾಗಿ ಉಸಿರಾಡಿದ್ದ ತಾಯಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ಸುಬ್ರಾಯ ಘಟ್ಟ ಇಳಿದ. ಮುದ್ರೆ ಹೊಡೆಯದ ತಕ್ಕಡಿ ಮಾಡುತ್ತ ನಾಲ್ಕು ತಿಂಗಳು ಹನ್ನೆರಡರಲ್ಲಿ ಹೆಣಗಿದ. ಮೊದಲು ನೀರಿನ ಕೊಡ ಕಡಿಮೆಯಾಯಿತು, ಆಮೇಲೆ ಔಷಧಿ. ಐದನೆಯ ತಿಂಗಳು ಕೆಲಸ ಬಿಟ್ಟು ಬಂದರಿನ ಕಟ್ಟೆಯ ಮೇಲೆ ಉಪ್ಪಿನ ಚೀಲ ಹೊರಲು ನಿಂತ. ಅಲ್ಲಿ ದಿನಕ್ಕೆ ಎರಡು ಕಾಸು ಹೆಚ್ಚು ಸಿಗುತ್ತಿತ್ತು. ಚೀಲ ಹೊತ್ತ ಕೈಗೆ ಕೂದಲೆಳೆ ತಿಕ್ಕುವ ಅರ ಮತ್ತೆ ಒಗ್ಗುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಬಂದರಿನ ಅಂಗಡಿಗೆ ಸಾಹುಕಾರ ಬೇರೆ ಆಚಾರಿಯನ್ನು ಹುಡುಕಲಿಲ್ಲ. ಪೇಟೆಯಿಂದಲೇ ಬಂಡಿಯಲ್ಲಿ ತಕ್ಕಡಿಗಳು ಹೋದವು. ಎಲ್ಲವನ್ನೂ ಮಾನಪ್ಪನೇ ಮಾಡಿದ. ಎಲ್ಲದರ ಮೇಲೂ ಮೀನಿನ ಮುದ್ರೆಯನ್ನೇ ಹೊಡೆಯಬೇಕೆಂದು ಸಾಹುಕಾರನ ಅಪ್ಪಣೆಯಾಗಿತ್ತು. ಅಂಗಡಿಯಲ್ಲಿ ತಕ್ಕಡಿಯ ಬೆಲೆ ಒಂದು ಕಾಸೂ ಇಳಿಯಲಿಲ್ಲ. ಮಾನಪ್ಪ ಈಗ ಯಾವ ತಕ್ಕಡಿಯನ್ನೂ ಎರಡನೆಯ ಸಲ ಪರೀಕ್ಷಿಸುತ್ತಿರಲಿಲ್ಲ. ಅವನು ಬಯಸಿದ್ದು ಅವನಿಗೆ ಸಿಕ್ಕಿತ್ತು. ಬದುಕಿರುವ ಗೆಳೆಯನ ಹೆಸರನ್ನು ದಿನಕ್ಕೊಂದು ದಂಡಿಗೆಯ ಮೇಲೆ ಹೊಡೆಯುತ್ತ ಅವನು ಉಳಿದ ವರ್ಷಗಳನ್ನು ಕಳೆದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ನಿಂಗರಾಜನಿಗೆ ಸಮಾಧಾನವಾಗಲಿಲ್ಲ. ಅವನ ಮುಖದಲ್ಲಿ ಇನ್ನೂ ಗುಮಾನಿ ಇತ್ತು.

“ಹಂಗಾದ್ರ ತಪ್ಪು ಯಾರದು ಅಜ್ಜಾರ? ಸುಮ್ನ ಕುಂತು ಇಪ್ಪತ್ನಾಲ್ಕು ತಗೊಂಡ ಸುಬ್ರಾಯಂದೋ, ಅವನ್ನ ತೂಗಿ ನೋಡಾಕ ಹೋದ ಮಾನಪ್ಪಂದೋ?”

“ನೀನೂ ಎರಡು ತಟ್ಟೆಗಳನ್ನೇ ನೋಡ್ತಿದ್ದೀಯಲ್ಲ ತಮ್ಮಾ, ತಕ್ಕಡಿ ಹಿಡಿದ ಕೈ ಯಾರದು?”